ಯುರೋಪಿನ ಮೊದಲ ಸಾಗರಯಾನಗಳು ಮತ್ತು ತಪ್ಪು ಭೂಗೋಳ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲಂಬಸ್, ವಾಸ್ಕೋ ಡ ಗಾಮಾ, ಮೆಗೆಲ್ಲನ್ ಎಂಬ ಹೆಸರುಗಳನ್ನು ಇಸವಿಗಳೊಡನೆ ಬಾಯಿಪಾಠ ಮಾಡಿದ ನಮ್ಮಲ್ಲಿ ಹಲವರಿಗೆ ಒಂದು ಸಂದೇಹ ಉಳಿದೇ ಇರುತ್ತದೆ. ಹೋಗಬೇಕಾದ ಜಾಗ ಎಲ್ಲಿದೆಯೆಂದು ಸರಿಯಾಗಿ ತಿಳಿಯದೆ ಹೊರಟವರು, ತಲುಪಿದ ಮೇಲಾದರೂ ತಾವು ಎಲ್ಲಿದ್ದೇವೆಂದು ಏಕೆ ಅರಿಯಲಿಲ್ಲ? ಈ ಪ್ರಶ್ನೆಯ ಸುತ್ತ ಸಾಮಾನ್ಯವಾಗಿ ಕೇಳಿಬರುವ ಸಂದೇಹಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಆ ಕಾಲದ ದೊಡ್ಡ ತಪ್ಪುಗಳಲ್ಲಿ ಬಹುಪಾಲು ಅನಕ್ಷರಸ್ಥ ನಾವಿಕರ ಮೂಢನಂಬಿಕೆಗಳಾಗಿರದೆ ಪುಸ್ತಕ ಓದಿದವರ ಲೆಕ್ಕಾಚಾರಗಳಾಗಿದ್ದವು ಎಂಬುದನ್ನು ಓದುಗರು ಗಮನಿಸಬೇಕೆಂದು ಕೋರಿಕೆ.

ಕೊಲಂಬಸ್‌ನ ಕಾಲದ ಜನರು ಭೂಮಿ ಚಪ್ಪಟೆಯಾಗಿದೆ ಎಂದು ನಂಬಿದ್ದರೇ?

ಓದುಬರಹ ಬಲ್ಲವರು ಯಾರೂ ಹಾಗೆ ನಂಬಿರಲಿಲ್ಲ. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ಭೂಮಿಯ ನೆರಳು ಯಾವಾಗಲೂ ದುಂಡಗಿರುತ್ತದೆ, ಉತ್ತರಕ್ಕೋ ದಕ್ಷಿಣಕ್ಕೋ ಪ್ರಯಾಣ ಮಾಡಿದರೆ ಕಾಣುವ ನಕ್ಷತ್ರಗಳು ಬದಲಾಗುತ್ತವೆ ಎಂಬ ಕಾರಣಗಳನ್ನು ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಕೊಟ್ಟಿದ್ದನು. ಅಲೆಕ್ಸಾಂಡ್ರಿಯಾದ ಎರಟೋಸ್ತನೀಸ್ ಎರಡು ಊರುಗಳಲ್ಲಿ ಮಧ್ಯಾಹ್ನದ ಸೂರ್ಯನ ಕೋನ ಎಷ್ಟು ವ್ಯತ್ಯಾಸವಾಗುತ್ತದೆಂದು ನೋಡಿ, ಅದು ವೃತ್ತದ ಐವತ್ತನೆಯ ಒಂದು ಭಾಗವೆಂದು ಕಂಡು, ಭೂಮಿಯ ಸುತ್ತಳತೆಯನ್ನು 2,50,000 ಸ್ಟೇಡಿಯಾ (ಗ್ರೀಕರ ದೂರದ ಅಳತೆ) ಎಂದು ಲೆಕ್ಕ ಹಾಕಿದ್ದನು. ಹದಿಮೂರನೆಯ ಶತಮಾನದಿಂದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಸ್ಯಾಕ್ರೊಬೋಸ್ಕೊ ಎಂಬಾತನ ಗೋಲಶಾಸ್ತ್ರದ ಕೈಪಿಡಿಯು ಪಠ್ಯವಾಗಿತ್ತು. ಕೊಲಂಬಸ್ ಹೊರಟ 1492ರಲ್ಲಿಯೇ ನ್ಯೂರೆಂಬರ್ಗಿನಲ್ಲಿ ಮಾರ್ಟಿನ್ ಬೆಹೈಮ್ ಒಂದು ಗೋಳವನ್ನು ಮಾಡಿಸಿದ್ದು, ಇಂದಿಗೂ ಉಳಿದಿರುವ ಭೂಗೋಳಗಳಲ್ಲಿ ಅದೇ ಅತ್ಯಂತ ಹಳೆಯದು. ಅದರಲ್ಲಿ ಅಮೆರಿಕವಿಲ್ಲ, ಆದರೆ ಅದು ಗುಂಡಗಿದೆ.

ಚಪ್ಪಟೆ ಭೂಮಿಯ ಕಥೆಯು ಜನಪ್ರಿಯವಾದದ್ದು ಬಹಳ ತಡವಾಗಿ, ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1828ರಲ್ಲಿ ಪ್ರಕಟಿಸಿದ ಕೊಲಂಬಸ್‌ನ ಜೀವನಚರಿತ್ರೆಯ ಮೂಲಕ. ನಮ್ಮಲ್ಲೂ ಇದಕ್ಕೆ ಹೋಲುವ ಒಂದು ತಪ್ಪು ತಿಳಿವಳಿಕೆಯಿದೆ. ಪುರಾಣಗಳಲ್ಲಿ ಸಪ್ತದ್ವೀಪ, ಸಪ್ತಸಾಗರಗಳ ವರ್ಣನೆ ಇರುವುದರಿಂದ ಹಿಂದಿನವರೆಲ್ಲರೂ ಹಾಗೆಯೇ ನಂಬಿದ್ದರೆಂದು ಭಾವಿಸುತ್ತೇವೆ. ಆದರೆ ಐದನೆಯ ಶತಮಾನದ ಕೊನೆಯಲ್ಲಿ ಆರ್ಯಭಟನು, ಕದಂಬದ ಹೂವಿನ ಗುಂಡು ಸುತ್ತಲೂ ಎಸಳುಗಳಿಂದ ತುಂಬಿರುವಂತೆ ಭೂಗೋಳವು ಸುತ್ತಲೂ ಜೀವಿಗಳಿಂದ ತುಂಬಿದೆ ಎಂದಿದ್ದನು.

ಹಾಗಿದ್ದರೆ ಪಂಡಿತರು ಕೊಲಂಬಸ್‌ನನ್ನು ವಿರೋಧಿಸಿದ್ದೇಕೆ?

ಲೆಕ್ಕ ತಪ್ಪಿದೆ ಎಂಬ ಕಾರಣಕ್ಕೆ ವಿರೋಧಿಸಿದರು, ಮತ್ತು ಅವರ ಮಾತೇ ಸರಿಯಾಗಿತ್ತು. ಮೊದಲು ಪೋರ್ಚುಗಲ್ ದೊರೆಯ ತಜ್ಞರು, ಆಮೇಲೆ ಸ್ಪೇನಿನ ದೊರೆಗಳು ನೇಮಿಸಿದ ಸಮಿತಿ, ಪಶ್ಚಿಮಕ್ಕೆ ಸಾಗಿ ಏಷ್ಯಾ ತಲುಪಬೇಕಾದರೆ ದಾಟಬೇಕಾದ ದೂರ ಕೊಲಂಬಸ್ ಹೇಳುವುದಕ್ಕಿಂತ ಬಹಳ ಹೆಚ್ಚು ಎಂದು ವಾದಿಸಿದರು.

ಕೊಲಂಬಸ್‌ನ ಲೆಕ್ಕ ಹೇಗೆ ತಪ್ಪಿತೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಂಬತ್ತನೆಯ ಶತಮಾನದ ಖಗೋಳಜ್ಞ ಅಲ್ ಫರ್ಗಾನಿಯು ಭೂಮಿಯ ಒಂದು ಡಿಗ್ರಿಗೆ 56⅔ ಮೈಲಿ ಎಂದು ಬರೆದಿದ್ದನು. ಅವನ ಮೈಲಿ ಅರಬ್ಬರ ಉದ್ದನೆಯ ಮೈಲಿಯಾಗಿತ್ತು. ಕೊಲಂಬಸ್ ಅದನ್ನು ಸುಮಾರು ಒಂದೂವರೆ ಕಿಲೋಮೀಟರಿನ ಇಟಲಿಯ ಮೈಲಿಯೆಂದು ಓದಿಕೊಂಡದ್ದರಿಂದ 40,000 ಕಿಲೋಮೀಟರಿನ ಸುತ್ತಳತೆಯು ಅವನ ಕೈಯಲ್ಲಿ ಸುಮಾರು 30,000 ಕಿಲೋಮೀಟರಿಗೆ ಇಳಿಯಿತು. ಇದು ಒಂದು ಕಡೆಯ ತಪ್ಪು. ಇನ್ನೊಂದು ಕಡೆ, ಏಷ್ಯಾ ಪೂರ್ವಕ್ಕೆ ಎಷ್ಟು ಚಾಚಿದೆ ಎಂಬ ಪ್ರಶ್ನೆಗೆ ಪ್ರಾಚೀನ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಉತ್ತರವಾದ 180 ಡಿಗ್ರಿಯೇ ವಾಸ್ತವಕ್ಕಿಂತ ಸುಮಾರು 50 ಡಿಗ್ರಿಯಷ್ಟು ಹೆಚ್ಚಾಗಿದ್ದರೂ, ಕೊಲಂಬಸ್ ಅದನ್ನು ಬಿಟ್ಟು ಟೈರ್ ಎಂಬ ಊರಿನ ಇನ್ನೊಬ್ಬ ಭೂಗೋಳಜ್ಞ ಮರೀನಸನ 225 ಡಿಗ್ರಿಯನ್ನು ಆರಿಸಿಕೊಂಡನು. ಅದರ ಮೇಲೆ ಮಾರ್ಕೋ ಪೋಲೋ ಹೇಳಿದ್ದ ಚೀನಾದ ಆಚೆಯ ಪ್ರದೇಶಗಳನ್ನೂ, ಚೀನಾದಿಂದ 1,500 ಮೈಲಿ ಪೂರ್ವಕ್ಕಿದೆಯೆಂದು ಹೇಳಲಾಗಿದ್ದ ಜಪಾನನ್ನೂ ಕೂಡಿಸಿದನು. ಭೂಮಿ ಚಿಕ್ಕದಾಯಿತು, ಏಷ್ಯಾ ದೊಡ್ಡದಾಯಿತು, ನಡುವಿನ ಸಮುದ್ರ ಕಿರಿದಾಗಿ ಹೋಯಿತು. ಕ್ಯಾನರಿ ದ್ವೀಪಗಳಿಂದ ಜಪಾನಿಗೆ 2,400 ನಾಟಿಕಲ್ ಮೈಲಿ ಎಂಬುದು ಅವನ ಉತ್ತರ, ನಿಜವಾದ ದೂರ ಸುಮಾರು 10,600. ನಡುವೆ ಯಾರೂ ಊಹಿಸದ ಒಂದು ಭೂಖಂಡ ಅಡ್ಡ ಬರದಿದ್ದರೆ ಆ ಮೂರು ಹಡಗುಗಳಲ್ಲಿದ್ದವರು ನೀರು, ಆಹಾರ ಮುಗಿದು ಸಾಯುತ್ತಿದ್ದರೆಂಬುದರಲ್ಲಿ ಅನುಮಾನವಿಲ್ಲ. ಇಷ್ಟೊಂದು ತಪ್ಪುಗಳು ಒಂದೇ ದಿಕ್ಕಿಗೆ ವಾಲಿರುವುದನ್ನು ನೋಡಿದರೆ, ಬೇಕಾದ ಮೊತ್ತವನ್ನು ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಿದಂತೆ ತೋರುತ್ತದೆ.

ನಾವಿಕರಿಗೆ ನಿಜವಾಗಿ ಭಯವಿದ್ದದ್ದು ಯಾವುದರ ಬಗ್ಗೆ?

ಹಿಂದಿರುಗಿ ಬರುವುದರ ಬಗ್ಗೆ. 1492ರ ಸೆಪ್ಟೆಂಬರಿನಲ್ಲಿ ಗಾಳಿ ಒಂದೇ ಸಮನೆ ಪಶ್ಚಿಮದ ಕಡೆಗೆ ತಳ್ಳುತ್ತಿದ್ದುದನ್ನು ಕಂಡು, ಸ್ಪೇನಿಗೆ ಮರಳಲು ಈ ಸಮುದ್ರದಲ್ಲಿ ಗಾಳಿಯೇ ಸಿಗಲಾರದೇನೋ ಎಂದು ನಾವಿಕರು ಅಂಜಿದರು. ಒಮ್ಮೆ ಎದುರು ಗಾಳಿ ಬೀಸಿದಾಗ ಅದು ತನಗೆ ಬಹಳ ಅಗತ್ಯವಾಗಿತ್ತೆಂದು ಕೊಲಂಬಸ್‌ನೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಬೋಜಡೋರ್ ಭೂಶಿರದ ಆಚೆ ಸಮುದ್ರ ಕುದಿಯುತ್ತದೆ ಎಂದು ನಂಬಿದ್ದು ನಿಜವೇ?

ಭೂಮಧ್ಯರೇಖೆಯ ಎರಡೂ ಬದಿಯ ಪಟ್ಟಿಯು ಸೂರ್ಯನ ಬಿಸಿಲಿನಿಂದ ಸುಟ್ಟು, ಮನುಷ್ಯರು ಬದುಕಲು ಅಥವಾ ದಾಟಲು ಆಗದಂತಿದೆ ಎಂಬುದು ಗ್ರೀಕರ ಕಾಲದಿಂದ ಬಂದ ಒಂದು ವಾದ. ಸಮುದ್ರ ಕುದಿಯುವ ಕಥೆಗಳು ಅದರ ಬಾಲಂಗೋಚಿಗಳು. ಆದರೆ ಸಹಾರಾ ಕರಾವಳಿಯ ಬೋಜಡೋರ್ ಭೂಶಿರದ ಬಗ್ಗೆ ಪೋರ್ಚುಗೀಸ್ ಚರಿತ್ರಕಾರ ಜುರಾರಾ ದಾಖಲಿಸಿರುವ ನಾವಿಕರ ಮಾತುಗಳು ಬೇರೆಯೇ ರೀತಿಯವು. ಆಚೆ ಜನರಿಲ್ಲ, ನೀರಿಲ್ಲ, ಮರವಿಲ್ಲ, ಹುಲ್ಲಿಲ್ಲ. ದಡದಿಂದ ಬಹುದೂರದವರೆಗೂ ಸಮುದ್ರದ ಆಳ ಒಂದು ಮಾರು ಮಾತ್ರ. ಸೆಳೆತ ಎಷ್ಟು ಬಲವಾಗಿದೆಯೆಂದರೆ ದಾಟಿದ ಹಡಗು ಮರಳಿ ಬರಲಾರದು. ಇದರಲ್ಲಿ ಕಟ್ಟುಕಥೆಗಿಂತ ಅನುಭವವೇ ಹೆಚ್ಚು. ಅಲ್ಲಿ ಉತ್ತರದ ಗಾಳಿಯೂ ದಕ್ಷಿಣಾಭಿಮುಖ ಪ್ರವಾಹವೂ ಸೇರಿ ಹಡಗನ್ನು ಒಂದೇ ಕಡೆಗೆ ಒಯ್ಯುತ್ತವೆ.

ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿ ಕಳುಹಿಸಿದ ಜಿಲ್ ಇಯಾನಿಶ್ 1434ರಲ್ಲಿ ಆ ಭೂಶಿರವನ್ನು ದಾಟಿ, ಆಚೆಯೂ ಜೀವವಿದೆಯೆಂಬುದಕ್ಕೆ ಸಾಕ್ಷಿಯಾಗಿ ಕೆಲವು ಗಿಡಗಳನ್ನು ತಂದನು. ಮರಳುವ ದಾರಿಯ ಸಮಸ್ಯೆಗೆ ಪೋರ್ಚುಗೀಸರು ಕಂಡುಕೊಂಡ ಪರಿಹಾರ ನಿಜಕ್ಕೂ ಮೆಚ್ಚತಕ್ಕದ್ದು. ಊರಿಗೆ ಹೋಗಬೇಕಾದರೆ ದಡ ಬಿಟ್ಟು, ಊರಿನ ದಿಕ್ಕಿಗೆ ಅಡ್ಡಲಾಗಿ ವಾಯುವ್ಯಕ್ಕೆ ನಡುಸಮುದ್ರದವರೆಗೂ ಸಾಗಿ, ಅಲ್ಲಿ ಪಶ್ಚಿಮದ ಗಾಳಿಯನ್ನು ಹಿಡಿದು ತಿರುಗಬೇಕು. ಈ ಸುತ್ತುದಾರಿಯ ಅರಿವಿಲ್ಲದಿದ್ದರೆ ಕೊಲಂಬಸ್‌ನಿಗಾಗಲಿ ಗಾಮಾನಿಗಾಗಲಿ ಯಾನವೇ ಸಾಧ್ಯವಾಗುತ್ತಿರಲಿಲ್ಲ. ಸುಡುವ ಪಟ್ಟಿಯ ವಾದವು 1470ರ ದಶಕದಲ್ಲಿ ಪೋರ್ಚುಗೀಸರು ಭೂಮಧ್ಯರೇಖೆಯನ್ನು ದಾಟಿದಾಗ ಸದ್ದಿಲ್ಲದೆ ಬಿದ್ದುಹೋಯಿತು.

ಹಿಂದೂ ಮಹಾಸಾಗರವು ಸುತ್ತಲೂ ನೆಲವಿರುವ ಒಂದು ಕೆರೆಯಂತಿದೆ ಎಂದು ಭಾವಿಸಿದ್ದರೇ?

ಟಾಲೆಮಿ ಹಾಗೆ ಬರೆದಿದ್ದನು. ಸುಮಾರು ಕ್ರಿಸ್ತಶಕ 150ರ ಅವನ ಭೂಗೋಳ ಗ್ರಂಥವು ಹದಿನೈದನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿಗೆ ಅನುವಾದವಾದಾಗ, ಅಕ್ಷಾಂಶ ರೇಖಾಂಶಗಳ ಚೌಕಟ್ಟಿನ ಜೊತೆಗೆ ಅದರ ತಪ್ಪುಗಳೂ ಗೌರವದಿಂದ ಒಳಬಂದವು. ಅದರಂತೆ ಬರೆದ ನಕ್ಷೆಗಳಲ್ಲಿ ಆಫ್ರಿಕಾದ ದಕ್ಷಿಣ ತುದಿ ಪೂರ್ವಕ್ಕೆ ಬಾಗಿ ಏಷ್ಯಾವನ್ನು ಕೂಡುತ್ತದೆ. ಭಾರತದ ಪರ್ಯಾಯ ದ್ವೀಪ ಬಹುತೇಕ ಮಾಯವಾಗಿದ್ದು, ಅದರ ಬದಲು ಶ್ರೀಲಂಕಾ ದೈತ್ಯಾಕಾರದಲ್ಲಿ ಕುಳಿತಿದೆ. ಕನ್ಯಾಕುಮಾರಿಯವರೆಗೆ ಚಾಚಿದ ನಮ್ಮ ಕರಾವಳಿಯನ್ನು ಅಂತಹ ನಕ್ಷೆಯಲ್ಲಿ ಹುಡುಕುವುದು ಒಳ್ಳೆಯ ತಮಾಷೆ.

ಈ ಸಮುದ್ರ ಮುಚ್ಚಿಲ್ಲವೆಂಬ ಅರಿವು ಅರಬ್ ಭೂಗೋಳಜ್ಞರಲ್ಲಿ ಮೊದಲಿನಿಂದಲೂ ಇತ್ತು. ವೆನಿಸ್ಸಿನ ಸನ್ಯಾಸಿ ಫ್ರಾ ಮೌರೋ ಸುಮಾರು 1450ರಲ್ಲಿ ರಚಿಸಿದ ಭಾರಿ ನಕ್ಷೆಯಲ್ಲಿ ಆಫ್ರಿಕಾದ ದಕ್ಷಿಣಕ್ಕೆ ತೆರೆದ ಸಮುದ್ರವೇ ಇದೆ. 1488ರಲ್ಲಿ ಬಾರ್ತೊಲೊಮಿಯು ಡಿಯಾಸ್ ಗುಡ್ ಹೋಪ್ ಭೂಶಿರವನ್ನು ಸುತ್ತಿ ಬಂದ ಮೇಲೆ ವಾದಕ್ಕೆ ಎಡೆ ಉಳಿಯಲಿಲ್ಲ.

ಪ್ರೆಸ್ಟರ್ ಜಾನ್ ಎಂಬ ರಾಜ ಯಾರು?

ಅಂತಹ ರಾಜನೇ ಇರಲಿಲ್ಲ. ಮುಸ್ಲಿಂ ರಾಜ್ಯಗಳ ಆಚೆ, ಪೂರ್ವದಲ್ಲೆಲ್ಲೋ, ಅಪಾರ ಸಂಪತ್ತಿನ ಒಬ್ಬ ಕ್ರೈಸ್ತ ಅರಸನಿದ್ದಾನೆಂಬ ನಂಬಿಕೆಗೆ ಸುಮಾರು 1165ರಲ್ಲಿ ಹರಡಿದ ಒಂದು ನಕಲಿ ಪತ್ರ ಬಲ ಕೊಟ್ಟಿತು. ಅವನು ಮೂರು ಇಂಡಿಯಾಗಳ ಒಡೆಯನೆಂದು ಆ ಪತ್ರ ಹೇಳಿತ್ತು. ಆಗ ಇಂಡಿಯಾ ಎಂದರೆ ನಾವು ಇಂದು ತಿಳಿಯುವ ದೇಶ ಮಾತ್ರವಲ್ಲ, ಇಥಿಯೋಪಿಯಾದಿಂದ ಚೀನಾದ ಅಂಚಿನವರೆಗೆ ಏನು ಬೇಕಾದರೂ ಆಗಬಹುದಿತ್ತು. ಪೋರ್ಚುಗಲ್ಲಿನ ದೊರೆ 1487ರಲ್ಲಿ ಪೆರೊ ದ ಕೊವಿಲ್ಯಾ ಎಂಬವನನ್ನು ಈ ರಾಜನನ್ನು ಹುಡುಕಲು ನೆಲದ ದಾರಿಯಲ್ಲಿ ಕಳುಹಿಸಿದನು. ಅರಬ್ಬಿ ಬಲ್ಲ ಆತ ಕಲ್ಲಿಕೋಟೆ, ಗೋವಾಗಳನ್ನು ಗಾಮಾನಿಗಿಂತ ಹತ್ತು ವರ್ಷ ಮೊದಲೇ ನೋಡಿ, ಕೊನೆಗೆ ಇಥಿಯೋಪಿಯಾ ತಲುಪಿದನು. ಅಲ್ಲಿನ ಕ್ರೈಸ್ತ ಅರಸರು ಅವನನ್ನು ಮರ್ಯಾದೆಯಿಂದ ಇಟ್ಟುಕೊಂಡರು, ಊರಿಗೆ ಮಾತ್ರ ಬಿಡಲಿಲ್ಲ. 1520ರಲ್ಲಿ ಪೋರ್ಚುಗೀಸ್ ರಾಯಭಾರಿಗಳು ಬಂದಾಗಲೂ ಅವನು ಅಲ್ಲಿಯೇ ಇದ್ದನು.

ವಾಸ್ಕೋ ಡ ಗಾಮಾ ಹಿಂದೂ ದೇವಾಲಯವನ್ನು ಚರ್ಚ್ ಎಂದು ತಿಳಿದದ್ದು ಹೌದೇ?

ಹೌದು. ಗಾಮಾನ ಹಡಗುಗಳಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿ ಉಳಿದಿದ್ದು, ಈ ಪ್ರಸಂಗವು ಅದರಲ್ಲಿದೆ. 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ದೊರೆ ಸಾಮೂದಿರಿಯನ್ನು ಕಾಣಲು ಹೋಗುವ ದಾರಿಯಲ್ಲಿ ಅವರನ್ನು ಒಂದು ದೊಡ್ಡ ಕಲ್ಲಿನ ಗುಡಿಗೆ ಕರೆದೊಯ್ಯಲಾಯಿತು. ಒಳಗಿನ ವಿಗ್ರಹವನ್ನು ಅವರು ಮೇರಿಮಾತೆಯೆಂದು ತಿಳಿದು ಪ್ರಾರ್ಥಿಸಿದರು. ಗೋಡೆಯ ಮೇಲಿನ ಚಿತ್ರಗಳಲ್ಲಿದ್ದ ಸಂತರಿಗೆ ನಾಲ್ಕೈದು ಕೈಗಳೂ ಬಾಯಿಂದ ಹೊರಚಾಚಿದ ಹಲ್ಲುಗಳೂ ಇದ್ದುದನ್ನು ದಿನಚರಿಕಾರ ಗಮನಿಸಿ ಬರೆದನೇ ಹೊರತು, ಇವರು ಸಂತರಲ್ಲವೇನೋ ಎಂದು ಶಂಕಿಸಲಿಲ್ಲ. ತೀರ್ಥ ಪ್ರೋಕ್ಷಿಸಿ, ಹಣೆಗೆ ಹಚ್ಚಿಕೊಳ್ಳಲು ಬಿಳಿಯ ಮಣ್ಣಿನಂತಹದ್ದನ್ನು ಕೊಟ್ಟರೆಂದೂ, ಗಾಮಾ ಅದನ್ನು ಆಮೇಲೆ ಹಚ್ಚಿಕೊಳ್ಳುವೆನೆಂದು ಹೇಳಿ ಜೊತೆಯವನ ಕೈಗೆ ದಾಟಿಸಿದನೆಂದೂ ಅದರಲ್ಲಿದೆ. ವಿಭೂತಿಯನ್ನು ಬೇಡವೆನ್ನಲಾಗದ ಸಂಕೋಚ ನಮ್ಮ ಇಂದಿನ ಅತಿಥಿಗಳಿಗೂ ಹೊಸದಲ್ಲ.

ಈ ತಪ್ಪನ್ನು ಬರಿಯ ಮೂರ್ಖತನವೆಂದು ನಕ್ಕುಬಿಡುವುದು ಸರಿಯಲ್ಲ. ಭಾರತದಲ್ಲಿ ಕ್ರೈಸ್ತರಿದ್ದಾರೆ ಎಂಬ ಸುದ್ದಿ ಸುಳ್ಳಾಗಿರಲಿಲ್ಲ. ಕೇರಳದ ಸಂತ ಥಾಮಸರ ಕ್ರೈಸ್ತರು ಶತಮಾನಗಳಿಂದ ಅಲ್ಲಿದ್ದರು. ಗಾಮಾನ ಜನರಿಗೆ ತಿಳಿದಿದ್ದ ಪ್ರಪಂಚದಲ್ಲಿ ಮುಸ್ಲಿಮರು, ಕ್ರೈಸ್ತರು, ಯೆಹೂದಿಗಳನ್ನು ಬಿಟ್ಟರೆ ಗುಡಿಗೋಪುರ ಕಟ್ಟುವ ಇನ್ನೊಂದು ಧರ್ಮಕ್ಕೆ ಜಾಗವೇ ಇರಲಿಲ್ಲ. ಇಲ್ಲಿನವರು ಮುಸ್ಲಿಮರಲ್ಲ, ಆದ್ದರಿಂದ ಕ್ರೈಸ್ತರಿರಬೇಕು ಎಂದು ಅವರು ತರ್ಕಿಸಿದರು. ಜೊತೆಗೆ ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದಿದ್ದೇವೆಂದು ಹೇಳಿಕೊಂಡವರಿಗೆ ಕ್ರೈಸ್ತರು ಸಿಗಲೇಬೇಕಾಗಿತ್ತು. 1501ರಲ್ಲಿ, ಗಾಮಾನ ನಂತರ ಭಾರತಕ್ಕೆ ಬಂದಿದ್ದ ಕಬ್ರಾಲ್‌ನ ಹಡಗುಗಳು ಲಿಸ್ಬನ್ನಿಗೆ ಮರಳಿದ ಮೇಲೆಯೇ ಈ ಭ್ರಮೆ ಹರಿಯಿತು.

ಕನ್ನಡ ಕರಾವಳಿಗೂ ಈ ಯಾನಕ್ಕೂ ಸಂಬಂಧವಿದೆಯೇ?

ಇದೆ. ಕಲ್ಲಿಕೋಟೆಯಿಂದ ಹೊರಟ ಗಾಮಾ 1498ರ ಸೆಪ್ಟೆಂಬರಿನಲ್ಲಿ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ದುರಸ್ತಿ ಮಾಡಿಸಿ, ನೀರು ತುಂಬಿಸಿಕೊಂಡನು. ಆಡಳಿತದ ದೃಷ್ಟಿಯಿಂದ ಗೋವಾಕ್ಕೆ ಸೇರಿದ ಈ ದ್ವೀಪ ಇಂದು ಕಾರವಾರದ ನೌಕಾನೆಲೆಯ ಭಾಗವಾಗಿದೆ. ದಿನಚರಿಕಾರನು ಅಲ್ಲಿ ಕಲ್ಲಿನ ಕೆರೆಯನ್ನೂ, ಪಾಳುಬಿದ್ದ ಒಂದು ಚರ್ಚನ್ನೂ ಕಂಡೆನೆನ್ನುತ್ತಾನೆ. ಅದರ ನಡುವೆ ಮೂರು ಕಪ್ಪು ಕಲ್ಲುಗಳಿದ್ದು ಜನರು ಅವಕ್ಕೆ ಪೂಜೆ ಮಾಡುತ್ತಿದ್ದರಂತೆ. ಅದು ಎಂತಹ ಚರ್ಚೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಅಂಕೋಲೆಯ ಆರ್ಯಾದುರ್ಗೆಯು ಮೂಲತಃ ಅಂಜದೀವದಲ್ಲಿದ್ದವಳು ಎಂಬ ಐತಿಹ್ಯವನ್ನೂ ಇಲ್ಲಿ ನೆನೆಯಬಹುದು.

ಈ ದ್ವೀಪದಿಂದಲೇ ಗಾಮಾನ ಇನ್ನೊಂದು ಅಜ್ಞಾನ ಬೆಲೆ ಕೇಳಿತು. ಬರುವಾಗ ಆಫ್ರಿಕಾದ ಮಾಲಿಂದಿಯಿಂದ ಮಾರ್ಗದರ್ಶಕನೊಬ್ಬ ಮುಂಗಾರಿನ ಗಾಳಿಯಲ್ಲಿ 23 ದಿನಗಳಲ್ಲೇ ಸಮುದ್ರ ದಾಟಿಸಿದ್ದನು. ಮರಳುವಾಗ ಅಕ್ಟೋಬರ್ 5ರಂದು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ ಹೊರಟಿದ್ದರಿಂದ ಅದೇ ಸಮುದ್ರವು ಮೂರು ದಿನ ಕಡಿಮೆ ಮೂರು ತಿಂಗಳು ತೆಗೆದುಕೊಂಡಿತು. ಒಸಡು ಬಾತು ಕೊಳೆಯುವ ಸ್ಕರ್ವಿ ರೋಗದಿಂದ 30 ಮಂದಿ ಸತ್ತರು, ಪ್ರತಿ ಹಡಗಿನಲ್ಲೂ ಕೆಲಸ ಮಾಡಬಲ್ಲವರು ಏಳೆಂಟು ಜನ ಉಳಿದರು. ಇನ್ನೂ ಒಂದೆರಡು ತಿಂಗಳು ಕಾದು ಹೊರಡಬೇಕೆಂಬುದು ಈ ಕರಾವಳಿಯ ವ್ಯಾಪಾರಿ ಹಡಗುಗಳಿಗೆ ತಿಳಿದಿದ್ದ ವಿಷಯವೇ ಆಗಿತ್ತು.

ಗಾಮಾನಿಗೆ ದಾರಿ ತೋರಿಸಿದವನು ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದನೇ?

ಹಾಗೆ ಹೇಳುವ ಪುಸ್ತಕಗಳು ಬಹಳ. ಪೋರ್ಚುಗೀಸರ ಸಮಕಾಲೀನ ಬರಹಗಳಲ್ಲಿ ಆ ಹೆಸರಿಲ್ಲ, ಇತಿಹಾಸಕಾರರು ಈ ಕಥೆಯನ್ನು ಇಂದು ಒಪ್ಪುವುದಿಲ್ಲ.

ತಾನು ಮುಟ್ಟಿದ್ದು ಏಷ್ಯಾ ಅಲ್ಲವೆಂದು ಕೊಲಂಬಸ್‌ಗೆ ಕೊನೆಗಾದರೂ ತಿಳಿಯಿತೇ?

ಅವನು ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ. ಮೊದಲ ಯಾನದಲ್ಲಿ ಕ್ಯೂಬಾದ ಒಳನಾಡಿಗೆ ಚೀನಾದ ಮಹಾಖಾನನನ್ನು ಹುಡುಕಲು ದೂತರನ್ನು ಕಳುಹಿಸಿದನು. ಅವರಲ್ಲಿದ್ದ ದುಭಾಷಿ ಲೂಯಿಸ್ ದ ತೊರೆಸ್‌ಗೆ ಅರಬ್ಬಿ, ಹೀಬ್ರೂ ಭಾಷೆಗಳು ಬರುತ್ತಿದ್ದವು. ಕ್ಯೂಬಾದ ಹಳ್ಳಿಗರಿಗೆ ಅವು ಅರ್ಥವಾಗದಿದ್ದುದು ಸಹಜವೇ. ಎರಡನೆಯ ಯಾನದಲ್ಲಿ, 1494ರ ಜೂನ್ 12ರಂದು, ಕ್ಯೂಬಾ ದ್ವೀಪವಲ್ಲ, ಏಷ್ಯಾದ ಮುಖ್ಯಭೂಮಿಯೇ ಎಂದು ತನ್ನ ನಾವಿಕರಿಂದ ನೋಟರಿಯ ಮುಂದೆ ಪ್ರಮಾಣ ಮಾಡಿಸಿದನು. ಮಾತು ತಪ್ಪಿದವರಿಗೆ 10,000 ಮರವೆದಿ (ಸ್ಪೇನಿನ ನಾಣ್ಯ) ದಂಡ, ಮೇಲೆ ನಾಲಗೆ ಕತ್ತರಿಸುವ ಶಿಕ್ಷೆ. ಭೂಗೋಳದ ಒಂದು ಪ್ರಶ್ನೆ ಆಣೆಪ್ರಮಾಣದಿಂದ ತೀರ್ಮಾನವಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಪ್ರಮಾಣ ಮಾಡಿದವರಲ್ಲಿ ಒಬ್ಬನಾದ ಹುವಾನ್ ದ ಲಾ ಕೋಸಾ 1500ರಲ್ಲಿ ತನ್ನ ನಕ್ಷೆ ಬರೆದಾಗ ಕ್ಯೂಬಾವನ್ನು ದ್ವೀಪವಾಗಿಯೇ ಬರೆದನು.

1498ರಲ್ಲಿ ದಕ್ಷಿಣ ಅಮೆರಿಕದ ತೀರದಲ್ಲಿ ಒರಿನೋಕೊ ನದಿ ಸಮುದ್ರಕ್ಕೆ ಸುರಿಯುವ ಸಿಹಿನೀರಿನ ರಾಶಿಯನ್ನು ಕಂಡಾಗ, ಇಷ್ಟು ನೀರು ದೊಡ್ಡ ಭೂಖಂಡದಿಂದಲೇ ಬರಬೇಕೆಂದು ಅವನು ಸರಿಯಾಗಿಯೇ ಊಹಿಸಿದನು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಭೂಮಿ ಪೇರಳೆಯಂತಹ ಹಣ್ಣಿನ ಆಕಾರದಲ್ಲಿದ್ದು, ಅದರ ತೊಟ್ಟಿನ ಎತ್ತರದಲ್ಲಿ ಬೈಬಲ್ಲಿನ ಸ್ವರ್ಗೋದ್ಯಾನವಿದೆ, ನೀರು ಅಲ್ಲಿಂದ ಇಳಿಯುತ್ತಿದೆ ಎಂದು ದೊರೆಗಳಿಗೆ ಬರೆದನು.

ಇಷ್ಟು ಬುದ್ಧಿವಂತರು ತಾವಿರುವ ಜಾಗವನ್ನು ಅಳೆಯಲಾರದೆ ಹೋದದ್ದೇಕೆ?

ಅಕ್ಷಾಂಶವನ್ನು ಧ್ರುವನಕ್ಷತ್ರದ ಅಥವಾ ಮಧ್ಯಾಹ್ನದ ಸೂರ್ಯನ ಎತ್ತರದಿಂದ ತಿಳಿಯಬಹುದಿತ್ತು, ರೇಖಾಂಶಕ್ಕೆ ಅಂತಹ ದಾರಿಯಿರಲಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ರೇಖಾಂಶವೆಂದರೆ ವೇಳೆಯ ವ್ಯತ್ಯಾಸ. ಹೊರಟ ಬಂದರಿನಲ್ಲಿ ಈಗ ಎಷ್ಟು ಗಂಟೆ ಎಂಬುದು ನಡುಸಮುದ್ರದಲ್ಲಿ ಗೊತ್ತಾಗಬೇಕು. ಹಡಗಿನ ಓಲಾಟ, ತೇವ, ಬಿಸಿಲುಗಳನ್ನು ತಾಳಿ ಸರಿಯಾದ ವೇಳೆ ತೋರಿಸುವ ಗಡಿಯಾರವನ್ನು ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಸಿದ್ಧಪಡಿಸಿ, ಅದನ್ನು ಸಮುದ್ರದಲ್ಲಿ ಪರೀಕ್ಷಿಸುವ ಹೊತ್ತಿಗೆ 1761 ಬಂದಿತ್ತು. ಅದಕ್ಕೆ ಮೊದಲು ಗ್ರಹಣಗಳೇ ಗತಿ. 1504ರ ಫೆಬ್ರುವರಿ 29ರ ಚಂದ್ರಗ್ರಹಣವನ್ನು ಜಮೈಕಾದಲ್ಲಿ ನೋಡಿದ ಕೊಲಂಬಸ್ ಸ್ಪೇನಿನ ಕಾದಿಸ್‌ಗೂ ಅಲ್ಲಿಗೂ ಏಳು ಗಂಟೆಗಿಂತ ಹೆಚ್ಚು ಅಂತರವೆಂದು ಲೆಕ್ಕ ಹಾಕಿದನು. ನಿಜವಾದ ಅಂತರ ಐದು ಗಂಟೆಗೂ ಕಡಿಮೆ. ಇಲ್ಲಿಯೂ ತಪ್ಪು ಅವನನ್ನು ಏಷ್ಯಾದ ಕಡೆಗೇ ತಳ್ಳಿತು.

ತಪ್ಪಿನಿಂದ ಲಾಭವೂ ಇತ್ತು. 1494ರ ತೋರ್ದೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಗೆರೆ ಎಳೆದು ಪ್ರಪಂಚವನ್ನು ಪಾಲು ಮಾಡಿಕೊಂಡವು. ಭೂಮಿಯ ಆಚೆ ಬದಿಯಲ್ಲಿ ಆ ಗೆರೆ ಎಲ್ಲಿ ಹಾಯುತ್ತದೆಂಬುದು ಯಾರಿಗೂ ಗೊತ್ತಿರಲಿಲ್ಲ. ಲವಂಗ ಬೆಳೆಯುವ ಮೊಲುಕ್ಕಾ ದ್ವೀಪಗಳು ತನ್ನ ಪಾಲಿಗೆ ಸೇರಿದವೆಂದು ವಾದಿಸಿದ ಸ್ಪೇನ್, 1529ರಲ್ಲಿ ಆ ಹಕ್ಕನ್ನು 3,50,000 ಡುಕಾಟು ಚಿನ್ನದ ನಾಣ್ಯಗಳಿಗೆ ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟಿತು. ಸರಿಯಾಗಿ ಅಳೆದಿದ್ದರೆ ಆ ದ್ವೀಪಗಳು ಮೊದಲೇ ಪೋರ್ಚುಗಲ್ಲಿನ ಪಾಲಿನವು.

ಮೆಗೆಲ್ಲನ್‌ಗೆ ಪೆಸಿಫಿಕ್ ಸಾಗರದ ವಿಸ್ತಾರ ತಿಳಿದಿರಲಿಲ್ಲವೇ?

ತಿಳಿದಿರಲಿಲ್ಲ. ಕಿರಿದಾದ ಸಮುದ್ರವೆಂದು ನಂಬಿ 1520ರ ನವೆಂಬರ್ 28ರಂದು ಅದನ್ನು ಹೊಕ್ಕವರು ಗುವಾಮ್ ಮುಟ್ಟಿದ್ದು 1521ರ ಮಾರ್ಚ್ 6ರಂದು. ನಡುವೆ ಕಂಡದ್ದು ಜನರಿಲ್ಲದ ಎರಡೇ ಪುಟ್ಟ ದ್ವೀಪಗಳು. ಹಡಗಿನ ಮರಕ್ಕೆ ಹೊದಿಸಿದ್ದ ಚರ್ಮವನ್ನು ನೆನೆಸಿ ತಿಂದರೆಂದೂ, ಇಲಿಯೊಂದಕ್ಕೆ ಅರ್ಧ ಡುಕಾಟಿನ ಬೆಲೆ ಬಂತೆಂದೂ ಜೊತೆಯಲ್ಲಿದ್ದ ಪಿಗಾಫೆಟ್ಟಾ ಬರೆದಿದ್ದಾನೆ.

ದಕ್ಷಿಣದ ಮಹಾಭೂಖಂಡವೆಂಬ ಕಲ್ಪನೆ ಎಲ್ಲಿಂದ ಬಂತು?

ಉತ್ತರಾರ್ಧದಲ್ಲಿ ಇಷ್ಟೊಂದು ನೆಲವಿರುವಾಗ ಗೋಳದ ಸಮತೋಲಕ್ಕೆ ದಕ್ಷಿಣದಲ್ಲೂ ಅಷ್ಟೇ ನೆಲ ಇರಬೇಕು ಎಂಬ ತರ್ಕದಿಂದ. ಮರ್ಕೇಟರನ 1569ರ ನಕ್ಷೆಯಲ್ಲೂ ಒರ್ಟೀಲಿಯಸನ 1570ರ ನಕ್ಷೆಯಲ್ಲೂ ಈ ಭೂಖಂಡವು ಕೆಳಭಾಗವನ್ನೆಲ್ಲ ತುಂಬಿಕೊಂಡು ಕುಳಿತಿದೆ. ಮೆಗೆಲ್ಲನ್ ತನ್ನ ಜಲಸಂಧಿಯ ದಕ್ಷಿಣಕ್ಕೆ ಕಂಡ ತಿಯೆರ್ರಾ ದೆಲ್ ಫ್ಯೂಗೋ ದ್ವೀಪವನ್ನೂ ಅದರ ಅಂಚೆಂದು ಎಣಿಸಿದರು. ಒಂದೊಂದು ಯಾನವೂ ಅದನ್ನು ಸ್ವಲ್ಪ ಸ್ವಲ್ಪ ದಕ್ಷಿಣಕ್ಕೆ ಹಿಂದೆ ಸರಿಸುತ್ತ ಹೋಯಿತು. ಜೇಮ್ಸ್ ಕುಕ್ 1772ರಿಂದ 1775ರವರೆಗಿನ ಯಾನದಲ್ಲಿ 71 ಡಿಗ್ರಿ ದಕ್ಷಿಣ ಅಕ್ಷಾಂಶವನ್ನೂ ದಾಟಿ ಹೋಗಿ, ಜನರು ವಾಸಿಸಬಲ್ಲ ಅಂತಹ ಭೂಖಂಡವಿಲ್ಲವೆಂದು ತೋರಿಸಿದನು. ಹಿಮದ ಹಿಂದೆ ನೆಲವಿದ್ದರೂ ಅದು ಯಾರ ಉಪಯೋಗಕ್ಕೂ ಬಾರದೆಂದು ಅವನ ಅಭಿಪ್ರಾಯ. 1820ರಲ್ಲಿ ಅಂಟಾರ್ಕ್ಟಿಕಾ ಕಣ್ಣಿಗೆ ಬಿದ್ದಾಗ, ತಪ್ಪು ತರ್ಕದಿಂದ ಹುಟ್ಟಿದ ಊಹೆಗೂ ಒಂದು ನಿಜವಾದ ಭೂಖಂಡ ಸಿಕ್ಕಂತಾಯಿತು.

ಕ್ಯಾಲಿಫೋರ್ನಿಯಾವನ್ನು ದ್ವೀಪವೆಂದು ತಿಳಿದಿದ್ದರೇ?

ಇಂದು ಸಾವಿರಾರು ಕನ್ನಡಿಗರು ನೆಲೆಸಿರುವ ಆ ನೆಲವು ಹದಿನೇಳನೆಯ ಶತಮಾನದ ನಕ್ಷೆಗಳಲ್ಲಿ ದ್ವೀಪವಾಗಿಯೇ ಇದೆ. ಇದರ ವಿಚಿತ್ರವೆಂದರೆ, 1539ರಲ್ಲಿಯೇ ಉಯೋವಾ ಎಂಬ ನಾವಿಕನು ಕೊಲ್ಲಿಯ ತುದಿಯವರೆಗೆ ಹೋಗಿ ಅದು ಪರ್ಯಾಯ ದ್ವೀಪವೆಂದು ಕಂಡಿದ್ದನು, ಮೊದಲ ನಕ್ಷೆಗಳು ಸರಿಯಾಗಿಯೇ ಇದ್ದವು. ತಪ್ಪು ಬಂದದ್ದು ಆಮೇಲೆ. ಒಬ್ಬ ನಕ್ಷೆಗಾರನನ್ನು ನೋಡಿ ಇನ್ನೊಬ್ಬ ನಕಲು ಮಾಡುತ್ತ ಅದನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಸಾಕಿದರು. ಪಾದ್ರಿ ಕೀನೋ 1700ರ ಆಸುಪಾಸಿನಲ್ಲಿ ನೆಲದ ದಾರಿಯನ್ನು ಕಂಡುಕೊಂಡರೂ ವಾದ ನಿಲ್ಲದೆ, 1747ರಲ್ಲಿ ಸ್ಪೇನಿನ ದೊರೆ ಕ್ಯಾಲಿಫೋರ್ನಿಯಾ ದ್ವೀಪವಲ್ಲವೆಂದು ಆಜ್ಞೆ ಹೊರಡಿಸಬೇಕಾಯಿತು.

ಉತ್ತರ ಧ್ರುವದ ಸಮುದ್ರ ಹೆಪ್ಪುಗಟ್ಟುವುದಿಲ್ಲ ಎಂದು ನಂಬಲು ಕಾರಣವೇನು?

ಸಮುದ್ರದಲ್ಲಿ ತೇಲುವ ಹಳೆಯ ಮಂಜುಗಡ್ಡೆಯನ್ನು ಕರಗಿಸಿದರೆ ಕುಡಿಯಬಹುದಾದ ನೀರು ಸಿಗುತ್ತದೆ. ಆದ್ದರಿಂದ ಅದು ನದಿಗಳಿಂದ ಬಂದದ್ದೆಂದೂ ಉಪ್ಪುನೀರು ಹೆಪ್ಪುಗಟ್ಟಲಾರದೆಂದೂ ತರ್ಕಿಸಿದರು. ವಾಸ್ತವದಲ್ಲಿ ಸಮುದ್ರದ ನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಹಾಗೆ ಗಟ್ಟಿಯಾಗುವಾಗ ಉಪ್ಪನ್ನು ಹೊರಹಾಕುತ್ತ ಹೋಗುತ್ತದೆ. 1773ರಲ್ಲಿ ಧ್ರುವದ ಕಡೆಗೆ ಹೊರಟ ಬ್ರಿಟಿಷ್ ನೌಕಾಪಡೆಯ ಫಿಪ್ಸ್‌ನ ಎರಡು ಹಡಗುಗಳು ಸ್ಪಿಟ್ಸ್‌ಬರ್ಗೆನ್ನಿನ ಉತ್ತರಕ್ಕೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ಕಷ್ಟದಿಂದ ಪಾರಾದವು. ಮುಂದೆ ನೌಕಾ ಸೇನಾಧಿಪತಿಯಾಗಿ ಹೆಸರಾದ ನೆಲ್ಸನ್ ಆಗ ಅದರಲ್ಲೊಂದು ಹಡಗಿನ ಹುಡುಗ.

ಇಲ್ಲದ ದ್ವೀಪಗಳು ನಕ್ಷೆಯಲ್ಲಿ ಎಷ್ಟು ಕಾಲ ಉಳಿದವು?

ಬಹಳ ಕಾಲ, ಏಕೆಂದರೆ ದ್ವೀಪವಿದೆಯೆಂದು ಹೇಳಲು ಒಬ್ಬ ನೋಡಿದರೆ ಸಾಕು, ಇಲ್ಲವೆಂದು ಹೇಳಲು ಸುತ್ತಲಿನ ಸಮುದ್ರವನ್ನೆಲ್ಲ ಹುಡುಕಬೇಕು. ಐರ್ಲೆಂಡಿನ ಪಶ್ಚಿಮಕ್ಕೆ ತೋರಿಸುತ್ತಿದ್ದ ಬ್ರೆಸಿಲ್ ಎಂಬ ದ್ವೀಪ ಹದಿನಾಲ್ಕನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ನಕ್ಷೆಗಳಲ್ಲಿ ಕಾಣಿಸಿಕೊಂಡಿತು. ರೇಖಾಂಶ ತಿಳಿಯದಿದ್ದ ಕಾಲದಲ್ಲಿ, ಹುಡುಕಿದ ಜಾಗದಲ್ಲಿ ದ್ವೀಪ ಸಿಗದಿದ್ದರೆ ಇನ್ನೂ ಸ್ವಲ್ಪ ಪಶ್ಚಿಮಕ್ಕಿರಬೇಕೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಉಪಗ್ರಹಗಳ ಕಾಲಕ್ಕೂ ಈ ರೋಗ ಪೂರ್ತಿ ಹೋಗಿರಲಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂ ಕ್ಯಾಲೆಡೋನಿಯಾದ ನಡುವೆ ಸ್ಯಾಂಡಿ ಐಲೆಂಡ್ ಎಂದು ಗೂಗಲ್ ನಕ್ಷೆಯಲ್ಲೂ ಇದ್ದ ದ್ವೀಪವನ್ನು ನೋಡಲು 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗೊಂದು ಹೋದಾಗ, ಆ ಜಾಗದಲ್ಲಿ ಸಾವಿರ ಮೀಟರಿಗಿಂತ ಹೆಚ್ಚು ಆಳದ ನೀರು ಮಾತ್ರ ಇತ್ತು.